ಎಡಗೆನ್ನೆಯ ಕೆಂಪು

ಡಿಸೆಂಬರ್ 4, ಗುರುವಾರ

ಇಂದು ಮೊಮ್ಮಗ ಮನೆಗೆ ಬಂದ. ಚೊಚ್ಚಲು ಹೆರಿಗೆಗೆ ತವರಿಗೆ ಹೋಗಿದ್ದ ಸೊಸೆಯನ್ನು ಖಾನಾಪುರದ ಬೀಗರು ಐದನೆಯ ತಿಂಗಳಿಗೆ ಕಳಿಸಿಕೊಟ್ಟರು. ಕೂಸಿನ ಹೆಸರು ಅತಿಶಯ. ಮೂಗು ಅವನಜ್ಜನದು, ಗತ್ತು ನನ್ನದು. ಶಹಾಪುರದ ನಮ್ಮ ಓಣಿಯವರೆಲ್ಲ ಬಂದು ನೋಡಿ ಹೋದರು.

ಹೆಡ್‌ಮಾಸ್ತರಿಕೆ ಬಿಟ್ಟು ನಾಲ್ಕು ವರ್ಷವಾದರೂ ದಿನಕ್ಕೊಂದು ಪುಟ ತಿದ್ದದಿದ್ದರೆ ನನಗೆ ಊಟ ಸೇರುವುದಿಲ್ಲ. ತಿದ್ದಲು ಈಗ ಸಾಲೆಯ ಮಕ್ಕಳಿಲ್ಲ. ಮನೆಯವರನ್ನು ತಿದ್ದುತ್ತೇನೆ. ಅವರು ತಿದ್ದಿಸಿಕೊಳ್ಳದಿದ್ದರೆ ಇಲ್ಲಿ ಬರೆದಿಡುತ್ತೇನೆ.

ಒಂದು ಮಾತು ಇತ್ಯರ್ಥವಾಗಬೇಕಿದೆ. ಸೊಸೆ ಬೆಳಗಾವಿಯಲ್ಲಿ ಬ್ಯಾಂಕಿನ ನೌಕರಿಯವಳು. ಜನವರಿ ಹತ್ತೊಂಬತ್ತಕ್ಕೆ ಅವಳು ಮತ್ತೆ ಕೆಲಸಕ್ಕೆ ಹೋಗಬೇಕು. ಆಮೇಲೆ ಹಗಲೆಲ್ಲ ಕೂಸು ಯಾರ ಕೈಯಲ್ಲಿ? ಮಗಳು ತವರಲ್ಲೇ ಇದ್ದು ರೈಲಿನಲ್ಲಿ ಓಡಾಡಲಿ, ಕೂಸನ್ನು ತಾನು ನೋಡಿಕೊಳ್ಳುತ್ತೇನೆ ಎಂದು ಬೀಗತಿ ಅನುಜಾಬಾಯಿಯವರ ಆಸೆ. ನಮ್ಮ ಮಗ ಪ್ರತೀಕ ಇನ್ನೂ ಏನೂ ಹೇಳಿಲ್ಲ. ಅವನಿಗೆ ಹೆಂಡತಿ ಹೇಳಿದ ಮೇಲೆ ಹೇಳುವ ಅಭ್ಯಾಸ.

ನನಗೇನೂ ಚಿಂತೆಯಿಲ್ಲ. ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ನೀರೆರೆಯಲು ತಾರಾಬಾಯಿಗೇ ಕರೆ ಬರುತ್ತದೆ. ಸಾಲೆಗೆ ಹೋಗುವ ಮೊದಲು ಎರಡು ಮನೆಯ ಕೂಸು ಎರೆದು, ಸೀರೆ ಬದಲಿಸಿ, ಪ್ರಾರ್ಥನೆಯ ಗಂಟೆಗೆ ಹಾಜರಾಗುತ್ತಿದ್ದವಳು ನಾನು. ಕಾಲು ಚಾಚಿ ಕೂತು ಕೂಸನ್ನು ಮಲಗಿಸಿಕೊಂಡರೆ ಸಾಕು, ಉಳಿದದ್ದನ್ನು ಕೈ ತಾನೇ ಮಾಡುತ್ತದೆ. ನಾಳೆಯಿಂದ ಶುರು.

ಡಿಸೆಂಬರ್ 7, ಭಾನುವಾರ

ಮೂರು ದಿನ ಎರೆದೆ. ಕಡಲೆಹಿಟ್ಟು, ಅರಿಷಿಣ, ಕೆನೆ ಕಲಸಿ ಮೈ ಉಜ್ಜಿ, ಹಬೆಯಾಡುವ ನೀರು ಹುಯ್ದು, ಲೋಬಾನದ ಹೊಗೆ ಕೊಟ್ಟು ಕುಂಚಿಗೆಯಲ್ಲಿ ಸುತ್ತಿ ಮಲಗಿಸಿದೆ. ಕೂಸು ಮಲಗಿದ್ದು ನೋಡಬೇಕು, ಮಧ್ಯಾಹ್ನದವರೆಗೆ ಮಿಸುಕಲಿಲ್ಲ.

ಆದರೆ ಸಂಜೆ ಸೊಸೆ ಅಂಗಿ ಬಿಚ್ಚಿ ತೋರಿಸಿದಳು. ಮೊಣಕೈ ಸಂದು, ಕತ್ತಿನ ಮಡಿಕೆ, ಬೆನ್ನು, ಎರಡೂ ಕೆನ್ನೆ ಕೆಂಪಾಗಿ ಒರಟಾಗಿದ್ದವು. ಕೂಸು ಕೈ ಸಿಕ್ಕಲ್ಲೆಲ್ಲ ಪರಚಿಕೊಳ್ಳುತ್ತಿತ್ತು. ಬಿಸಿನೀರು ಬೇಡ, ಹಿಟ್ಟು ಬೇಡ, ಖಾನಾಪುರದಲ್ಲಿ ಹೀಗೆ ಇರಲಿಲ್ಲ ಎಂದಳು. ಮೈಯೊಳಗಿನ ಉಷ್ಣ ಹೊರಗೆ ಬರುತ್ತಿದೆ, ಬರಲಿ ಎಂದೆ ನಾನು. ಅವಳು ತನ್ನ ಕಪಾಟಿನಿಂದ ಒಂದು ಬಿಳಿ ಮುಲಾಮು ತೆಗೆದು ಹಚ್ಚತೊಡಗಿದಳು. ಬ್ಯಾಂಕಿನವರಿಗೆ ಎಲ್ಲದಕ್ಕೂ ಒಂದು ಡಬ್ಬಿ ಬೇಕು.

ಕೂಸು ಎತ್ತಿ ಎತ್ತಿ ನನ್ನ ಬಲ ಹೆಗಲು ಹಿಡಿದುಕೊಂಡಿದೆ. ಹಳೆಯ ನೋವೇ. ನನ್ನ ಎಣ್ಣೆ ಹಚ್ಚಿಕೊಂಡೆ, ಇಳಿಯಿತು. ಬೇರೆಯವರು ಈ ಎಣ್ಣೆಗೆ ಬಳ್ಳೊಳ್ಳಿ ಹಾಕಿ ಕಾಯಿಸುತ್ತಾರೆ. ಜೈನರ ಮನೆಯಲ್ಲಿ ಅದು ಹೊಸ್ತಿಲು ದಾಟುವುದಿಲ್ಲ. ಅದಕ್ಕೇ ನಾನು ಎಳ್ಳೆಣ್ಣೆಗೆ ಕರ್ಪೂರ ಮತ್ತು ಪುದೀನಾ ಹರಳನ್ನು ದುಪ್ಪಟ್ಟು ಹಾಕುತ್ತೇನೆ. ಬಾಟಲಿ ತೆರೆದರೆ ಮೂಗು ಬಿಚ್ಚಬೇಕು, ಅಷ್ಟು ಖಡಕ್ಕಾಗಿರುತ್ತದೆ. ಒಮ್ಮೆ ಹಚ್ಚಿಕೊಂಡವರು ಮತ್ತೆ ಕೇಳಿಕೊಂಡು ಬರುತ್ತಾರೆ.

ಡಿಸೆಂಬರ್ 9, ಮಂಗಳವಾರ

ಸೊಸೆ ಹಟ ಹಿಡಿದು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಒಳಗೆ ಕೂತವಳು ಯಾರು? ನಮ್ಮ ಸಾಯಿರಾ. ನಾನು ಕಲಿಸಿದ ಐದನೆಯ ಇಯತ್ತೆಯ ಕ್ಲಾಸಿನಲ್ಲಿ ಮುಂದಿನ ಬೆಂಚಿನಲ್ಲಿ ಕೂತು ಒತ್ತಕ್ಷರ ತಪ್ಪುತ್ತಿದ್ದವಳು. ಎದ್ದು ನಿಂತು ನಮಸ್ಕಾರ ಮಾಡಿದಳು. ಅಷ್ಟರಮಟ್ಟಿಗೆ ಕಲಿಸಿದ್ದು ಸಾರ್ಥಕ.

ಕೂಸನ್ನು ಬೆಳಕಿಗೆ ಹಿಡಿದು ಅಂಗುಲ ಅಂಗುಲ ನೋಡಿದಳು. ಆಮೇಲೆ ಅಂದಳು: "ಅಕ್ಕೋರ, ಈ ಕೂಸಿನ ತೊಗಲು ಭಾಳ ಸೂಕ್ಷ್ಮ ಐತ್ರಿ. ಇದಕ್ಕ ಎಷ್ಟು ಕಡಿಮಿ ಹಚ್ಚತೀರಿ, ಅಷ್ಟು ಛಲೋ."

ಕಡಿಮೆ ಎಂದರೆ ಎಷ್ಟು ಕಡಿಮೆ? ಹಿಟ್ಟು, ಅರಿಷಿಣ, ಹೊಗೆ ಎಲ್ಲಕ್ಕೂ ಕೊಕ್ಕೆ ಹಾಕಿದಳು. ನೀರು ಉಗುರುಬೆಚ್ಚಗಿರಬೇಕಂತೆ, ಐದು ನಿಮಿಷದೊಳಗೆ ಎರೆದು ಮುಗಿಸಬೇಕಂತೆ. ಒರೆಸುವಾಗ ಉಜ್ಜದೆ ಬಟ್ಟೆಯಿಂದ ಒತ್ತಬೇಕು. ಮೈ ಇನ್ನೂ ಹಸಿ ಇರುವಾಗಲೇ ವಾಸನೆಯಿಲ್ಲದ ಮುಲಾಮು ದಪ್ಪಗೆ ಸವರಬೇಕು. ಸೊಸೆ ತಂದಿದ್ದ ಡಬ್ಬಿಯೇ ಸರಿಯಂತೆ. ಹೊಸದೇನೇ ತಂದರೂ ಮೊದಲು ತೋಳಿನ ಮೇಲೆ ಕಡಲೆಕಾಳಿನಷ್ಟು ಜಾಗಕ್ಕೆ ಹಚ್ಚಿ ಎರಡು ದಿನ ಕಾಯಬೇಕು. ಬಟ್ಟೆಯಿಂದ ಸೋಪಿನ ಪುಡಿ ಪೂರ್ತಿ ಹೋಗುವಂತೆ ಎರಡು ನೀರು ಜಾಲಿಸಬೇಕು. ಎತ್ತಿಕೊಳ್ಳುವವರು ಸೆಂಟು, ಪೌಡರು ಹಾಕಿಕೊಳ್ಳಬಾರದು. ಇದು ಯಾರಿಗೆ ಹೇಳಿದ್ದೆಂದು ನನಗೆ ಗೊತ್ತಾಯಿತು. ನಾನು ಜನ್ಮದಲ್ಲಿ ಸೆಂಟು ಮುಟ್ಟಿದವಳಲ್ಲ. ಸೊಸೆಯ ಕಡೆ ನೋಡಿದೆ, ಅವಳು ತಲೆ ತಗ್ಗಿಸಿದಳು.

ಹಾಲುಣಿಸುವ ತಾಯಿ ಏನು ಬಿಡಬೇಕು ಎಂದು ನಾನೇ ಕೇಳಿದೆ. ಏನೂ ಬಿಡಬೇಕಿಲ್ಲ, ಹೊಟ್ಟೆ ತುಂಬ ಉಣ್ಣಲಿ ಎಂದಳು ಸಾಯಿರಾ. ಚರ್ಮ ಓದಿದವಳಿಗೆ ಹೊಟ್ಟೆಯ ವಿಷಯ ಏನು ಗೊತ್ತು? ಮನೆಗೆ ಬಂದು ಸೊಸೆಗೆ ಮೊಸರು, ಶೇಂಗಾ, ತೊಗರಿಬೇಳೆ, ಹುಳಿ ಎಲ್ಲ ನಿಲ್ಲಿಸಿದೆ.

ಡಿಸೆಂಬರ್ 10, ಬುಧವಾರ

ಇಂದು ಸೊಸೆಯೇ ಎರೆದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಅದು ಎರೆಯುವುದಲ್ಲ, ಕೂಸಿಗೆ ನೀರು ತೋರಿಸುವುದು.

ಡಿಸೆಂಬರ್ 17, ಬುಧವಾರ

ಕೂಸಿನ ಬೆನ್ನು ತಿಳಿಯಾಗಿದೆ. ಕತ್ತು, ಮೊಣಕೈ ಸಂದು ಮೆತ್ತಗಾಗಿವೆ. ಪರಚಿಕೊಳ್ಳುವುದು ನಿಂತಿದೆ. ಸಾಯಿರಾ ಹೇಳಿದ್ದು ಸರಿಯಾಗಿಯೇ ಇತ್ತು. ನನ್ನ ಕೈಯಲ್ಲಿ ಕಲಿತವಳಲ್ಲವೇ.

ಈಗ ನಾನೂ ಹಾಗೇ ಎರೆಯುತ್ತೇನೆ. ನೀರಿನಲ್ಲಿ ಮೊಣಕೈ ಅದ್ದಿ ನೋಡಿ, ಬೆಚ್ಚಗೆನಿಸಿದರೂ ಇನ್ನೊಂದು ತಂಬಿಗೆ ತಣ್ಣೀರು ಬೆರೆಸುತ್ತೇನೆ. ಮುಲಾಮನ್ನು ಸೊಸೆಗಿಂತ ನಾನೇ ಚೆನ್ನಾಗಿ ಹಚ್ಚುತ್ತೇನೆ. ಅವಳು ಮಡಿಕೆಗಳನ್ನು ಬಿಡುತ್ತಾಳೆ. ಎದುರುಮನೆಯ ಬಸವಣ್ಣೆವ್ವ ಬಂದಾಗ ಇದನ್ನೆಲ್ಲ ವಿವರಿಸಿ ಹೇಳಿದೆ. ಅವಳು ಬಾಯಿ ತೆರೆದು ಕೇಳಿದಳು, ನಿಮಗ ಎಷ್ಟ ತಿಳೀತೈತಿ ಅಂದಳು.

ಆದರೆ ಕೆನ್ನೆಯ ಕೆಂಪು ಹೋಗಿಲ್ಲ. ಬಲಗೆನ್ನೆ ಆರಿದೆ, ಎಡಗೆನ್ನೆ ಮಾತ್ರ ಇನ್ನೂ ಉರಿಯುತ್ತಿದೆ. ಮೊದಲಿಗಿಂತ ಹೆಚ್ಚೇ ಎನ್ನಬೇಕು. ಸೊಸೆಯ ಸೆಂಟಿನ ಬಾಟಲಿಯನ್ನು ನಾನೇ ಎತ್ತಿ ಮೇಲಿನ ಕಪಾಟಿಗಿಟ್ಟೆ.

ಇನ್ನೊಂದು ಸಂಗತಿ ಬರೆಯಲೇಬೇಕು. ಅತಿಶಯ ಹಗಲು ಮಲಗುವುದು ನನ್ನ ಹೆಗಲ ಮೇಲೆ ಮಾತ್ರ. ತಾಯಿ ತಟ್ಟಿದರೂ ಇಲ್ಲ, ತೊಟ್ಟಿಲು ತೂಗಿದರೂ ಇಲ್ಲ. ನನ್ನ ಬಲ ಹೆಗಲಿಗೆ ಹಾಕಿಕೊಂಡು ಪಡಸಾಲೆಯಲ್ಲಿ ನಾಲ್ಕು ಸುತ್ತು ಬಂದರೆ ಕುತ್ತಿಗೆಗೆ ಮುಖ ಒತ್ತಿ ಮಲಗುತ್ತಾನೆ. ಜನವರಿ ಹತ್ತೊಂಬತ್ತರ ಪ್ರಶ್ನೆಗೆ ಕೂಸೇ ಉತ್ತರ ಹೇಳಿದಂತಾಯಿತು. ಸೊಸೆ ನೋಡುತ್ತ ನಿಂತಿದ್ದಳು. ಅವಳ ಮುಖ ಸಣ್ಣದಾಗಿತ್ತು, ನನಗೆ ಸ್ವಲ್ಪ ಖುಷಿಯೂ ಆಯಿತು.

ಡಿಸೆಂಬರ್ 24, ಬುಧವಾರ

ಎಡಗೆನ್ನೆಯಲ್ಲಿ ಇಂದು ನೀರಾಡಿತು. ಚರ್ಮ ಒಡೆದು ಒಸರುತ್ತಿದೆ. ಸೊಸೆ ಅತ್ತಳು, ಪ್ರತೀಕ ಕಾರು ತೆಗೆದ. ಮತ್ತೆ ಸಾಯಿರಾಳ ಹತ್ತಿರ ಹೋದರು, ನಾನು ಹೋಗಲಿಲ್ಲ. ಈ ಕೆನ್ನೆಗೇ ಏನೋ ತಾಗುತ್ತಿದೆ, ಏನೆಂದು ಮನೆಯಲ್ಲಿ ಹುಡುಕಿ ನೋಡಿ ಎಂದಳಂತೆ. ಅದಕ್ಕೊಂದು ಔಷಧಿಯನ್ನೂ ಕೊಟ್ಟಿದ್ದಾಳೆ.

ಹುಡುಕುವುದೇನು ಬಂತು. ನಮ್ಮ ಬೋರಿನ ನೀರು ಗಡಸು, ಅದೇ ಇರಬೇಕು ಎಂದು ಪ್ರತೀಕ ಸಂಜೆ ತೀರ್ಮಾನ ಕೊಟ್ಟ. ಅಷ್ಟರಲ್ಲಿ ಅನುಜಾಬಾಯಿಯವರ ಫೋನು. ನಮ್ಮ ಬಾವಿ ನೀರಿಗೆ ಕೂಸು ಹೂವಿನಂತಿತ್ತು, ಕಳಿಸಿಬಿಡ್ರಿ ಎಂದರು. ಊಟಕ್ಕೂ ನಿಲ್ಲದೆ ಸೊಸೆ ಕೂಸನ್ನು ಕರೆದುಕೊಂಡು ಖಾನಾಪುರಕ್ಕೆ ಹೋದಳು.

ಪಡಸಾಲೆಯಲ್ಲಿ ಕುಂಚಿಗೆ ಬಿಟ್ಟುಹೋಗಿದ್ದಾಳೆ. ಮಡಚಿ ಇಟ್ಟೆ.

ಡಿಸೆಂಬರ್ 29, ಸೋಮವಾರ

ಫೋಟೊ ಬಂತು. ಎಡಗೆನ್ನೆ ವಾಸಿಯಾಗಿದೆ, ಬಲಗೆನ್ನೆಗೂ ಅದಕ್ಕೂ ವ್ಯತ್ಯಾಸವೇ ಇಲ್ಲ. ಸಂತೋಷದ ವಿಷಯ. ನಾನು ಸಂತೋಷವಾಗಿಯೇ ಇದ್ದೇನೆ. ಆದರೆ ಈ ಸಂತೋಷಕ್ಕೆ ಕೂಸು ಅಲ್ಲೇ ಉಳಿಯುತ್ತದೆ ಎಂದು ಅರ್ಥ. ಕೂಸು ಇಲ್ಲಿಯೇ ಬೆಳೀಲಿ ಎಂದು ಅನುಜಾಬಾಯಿ ಪ್ರತೀಕನಿಗೆ ಹೇಳಿಯೂ ಆಯಿತಂತೆ. ಅವನು ಫೋನು ಇಟ್ಟು ನನ್ನ ಮುಖ ನೋಡದೆ ಅಂಗಡಿಗೆ ಹೋದ.

ಮನೆಯಲ್ಲಿ ಸದ್ದಿಲ್ಲ. ಇವರು ಪೇಪರಿನ ಹಾಳೆ ತಿರುವಿದರೂ ಕೇಳಿಸುತ್ತದೆ.

ಇಪ್ಪತ್ತು ವರ್ಷದಿಂದ ನಾವು ಈ ಬೋರಿನ ನೀರಿನಲ್ಲೇ ಮಿಂದಿದ್ದೇವೆ, ಬದುಕಿದ್ದೇವೆ. ಈ ನೀರಿನ ಮೇಲೆ ಬಂದ ಅಪವಾದವನ್ನು ನಾನು ತೆಗೆದುಹಾಕುತ್ತೇನೆ. ಒಂದು ಉಪಾಯ ಹೊಳೆದಿದೆ.

ಜನವರಿ 3, ಶನಿವಾರ

ಖಾನಾಪುರ, ಬೀಗರ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಹತ್ತು ಲೀಟರ್ ಕ್ಯಾನಿನಲ್ಲಿ ನಮ್ಮ ಬೋರಿನ ನೀರು ತುಂಬಿಕೊಂಡು ಪ್ಯಾಸೆಂಜರ್ ರೈಲು ಹತ್ತಿದೆ. ಅದೇ ನೀರಿನಿಂದ ಎಲ್ಲರ ಕಣ್ಣೆದುರು ಎರೆದು ತೋರಿಸಿದರೆ ಮುಗಿಯಿತಲ್ಲ. ಪಕ್ಕದಲ್ಲಿ ಕೂತ ಪಾರಿಶ್ವಾಡದ ಹೆಂಗಸು ತುಪ್ಪವೇ ಎಂದು ಕೇಳಿದಳು. ನೀರು ಎಂದೆ. ಮಲಪ್ರಭೆ ಹರಿಯುವ ಊರಿಗೆ ಬೆಳಗಾವಿಯಿಂದ ನೀರು ಹೊತ್ತು ಹೋಗುವವಳನ್ನು ಅವಳು ದೇಸೂರಿನವರೆಗೂ ಕನಿಕರದಿಂದ ನೋಡುತ್ತಿದ್ದಳು. ಕ್ಯಾನು ಎತ್ತಿ ಹೆಗಲು ಬಿದ್ದುಹೋಯಿತು. ಬೀಗರ ಮನೆಗೆ ಬಂದವಳೇ ಮೊದಲು ಎಣ್ಣೆ ಸವರಿಕೊಂಡೆ.

ಅನುಜಾಬಾಯಿ ಕ್ಯಾನು ನೋಡಿ ನಗಲಿಲ್ಲ, ಅದು ಅವರ ದೊಡ್ಡತನ. ಒಲೆಯ ಮೇಲೆ ಕಾಯಿಸಿಯೂ ಕೊಟ್ಟರು. ಸಾಯಿರಾಳ ಲೆಕ್ಕದಂತೆ ಹದ ನೋಡಿ ಎರೆದೆ. ಎರಡೂ ಕೆನ್ನೆಗೆ ನೀರು ಹಾಕಿದೆ, ಮುಲಾಮು ಹಚ್ಚಿದೆ. ಅತಿಶಯ ನನ್ನನ್ನು ಮರೆತಿರಲಿಲ್ಲ. ಹೆಗಲಿಗೆ ಹಾಕಿಕೊಂಡೊಡನೆ ಕುತ್ತಿಗೆಗೆ ಮುಖ ಒತ್ತಿದ. ನಾನು ಅವನನ್ನು ಕೆಳಗಿಳಿಸಲೇ ಇಲ್ಲ. ಮಧ್ಯಾಹ್ನವೆಲ್ಲ ಹಾಗೇ ಮಲಗಿದ.

ಊಟಕ್ಕೆ ಕೂತಾಗ ಸೊಸೆಯ ತಾಟು ಕಣ್ಣಿಗೆ ಬಿತ್ತು. ಎರಡು ರೊಟ್ಟಿ, ಹೆಸರುಕಟ್ಟಿನ ನೀರು. ಬೇರೇನೂ ಇಲ್ಲ. ಮೊಸರು ಬಡಿಸಲು ಬಂದ ತಾಯಿಗೆ ಕೈ ಅಡ್ಡ ಹಿಡಿದಳು. ಬಳೆಗಳು ಮೊಣಕೈವರೆಗೆ ಜಾರಿದವು. ತಿಂಗಳಾಗುತ್ತ ಬಂತು, ಇನ್ನೂ ಅದನ್ನೇ ಉಣ್ಣುತ್ತಿದ್ದೀಯಾ ಎಂದು ಕೇಳಿದೆ. ನೀವೇ ಹೇಳಿದ್ದಿರಲ್ಲ ಎಂದಳು. ದೂರಲಿಲ್ಲ, ಸುಮ್ಮನೆ ಹೇಳಿದಳು.

ಜನವರಿ 4, ಭಾನುವಾರ

ಬೆಳಿಗ್ಗೆ ಎದ್ದು ನೋಡಿದರೆ ಎಡಗೆನ್ನೆ ಕೆಂಪಾಗಿದೆ.

ಅನುಜಾಬಾಯಿ ಕ್ಯಾನಿನಲ್ಲಿ ಉಳಿದಿದ್ದ ನೀರನ್ನು ಹಿತ್ತಲಿನ ದಾಸವಾಳಕ್ಕೆ ಹಾಕಿದರು. ಸೊಸೆ ಕೂಸನ್ನು ಒಳಗೆ ಎತ್ತಿಕೊಂಡು ಹೋಗಿ ಬಾಗಿಲು ಹಾಕಿಕೊಂಡಳು. ನಾನು ಚಹ ಕುಡಿದು ಹೊರಟೆ.

ರೈಲಿನಲ್ಲಿ ಕಿಟಕಿಯ ಬಾಜು ಕೂತಿದ್ದೆ. ದೇಸೂರಿನಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಬಿಸಿಲು ನೇರವಾಗಿ ಬಲಗಡೆ ಬೀಳುತ್ತಿತ್ತು. ನೀರು ಎರಡೂ ಕೆನ್ನೆಗೆ ತಾಗಿತ್ತಲ್ಲ, ಕೆಂಪು ಒಂದೇ ಕಡೆ ಯಾಕೆ ಎಂದು ಸಾಲೆಯ ಲೆಕ್ಕ ಬಿಡಿಸುವಂತೆ ಯೋಚಿಸುತ್ತಿದ್ದೆ. ಬಿಸಿಲಿಗೆ ಕುಪ್ಪಸ ಕಾದು ಕರ್ಪೂರದ ವಾಸನೆ ಎದ್ದಿತು. ಎದುರಿಗೆ ಕೂತವನು ಮೂಗಿಗೆ ಕರವಸ್ತ್ರ ಹಿಡಿದ. ನಾನು ಹೆಗಲು ಮುಟ್ಟಿ ನೋಡಿಕೊಂಡೆ. ಕೈಗೆ ಎಣ್ಣೆ ಅಂಟಿತು. ಬಲ ಹೆಗಲ ಮೇಲೆ ಕೂಸು ಮಲಗಿದರೆ ತಾಗುವುದು ಎಡಗೆನ್ನೆ.

ಅವನು ಮಲಗಿದ್ದು ಅಲ್ಲೇ. ದಿನಾ ಅಲ್ಲೇ.

ಬೆಳಗಾವಿ ಬಂದದ್ದು ಗೊತ್ತಾಗಲಿಲ್ಲ.

ಜನವರಿ 5, ಸೋಮವಾರ

ಬಾಟಲಿಯಿಂದ ಒಂದು ಹನಿ ತೆಗೆದು ನನ್ನ ಕೆನ್ನೆಗೇ ಹಚ್ಚಿ ನೋಡಿದೆ. ಅರುವತ್ತನಾಲ್ಕು ವರ್ಷದ ಒಣ ಚರ್ಮ ನನ್ನದು, ಅದಕ್ಕೂ ಚುರುಚುರು ಅಂದಿತು. ಎಣ್ಣೆಯನ್ನು ಬಚ್ಚಲಿಗೆ ಸುರಿದೆ. ಕುಪ್ಪಸಗಳನ್ನೆಲ್ಲ ಕುದಿಯುವ ನೀರಿನಲ್ಲಿ ಹಾಕಿದೆ.

ಇವರಿಗೆ ಹೇಳಿದೆ. ನಮ್ಮ ಮದುವೆಯಾಗಿ ಇಷ್ಟು ವರ್ಷದಲ್ಲಿ ಇವರ ಮುಂದೆ ನಾನು ತಪ್ಪಿದೆ ಎಂದು ಹೇಳಿದ ನೆನಪು ನನಗಿಲ್ಲ, ಇವರಿಗೂ ಇರಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ಪ್ರತೀಕ ಹೇಗೂ ನೀರಿಗೆ ಫಿಲ್ಟರ್ ಕೂಡಿಸಲು ಹೇಳಿ ಬಂದಿದ್ದಾನೆ, ಕೂಸು ಬಂದ ಮೇಲೆ ಕೆನ್ನೆ ಚೆನ್ನಾಗಿಯೇ ಇರುತ್ತದೆ, ಎಲ್ಲರೂ ಫಿಲ್ಟರಿನಿಂದ ಎಂದು ತಿಳಿಯುತ್ತಾರೆ ಎಂದು ಲೆಕ್ಕ ಹಾಕಿ ಹೇಳಿದರು.

"ಎಣ್ಣಿ ಬಿಟ್ಟೀಯಲ್ಲ, ಆತಲ್ಲ. ನೀರಿಗೇನು ಬಾಯಿ ಐತೇನು, ಅದರ ಮ್ಯಾಲ ಹೋಗಲಿ."

ನಮ್ಮ ಯಜಮಾನರು ಭೂಪಾಲ ಶೆಟ್ಟರು ಮೂವತ್ತು ವರ್ಷ ವ್ಯಾಪಾರ ಮಾಡಿದ್ದು ಸುಮ್ಮನೆ ಅಲ್ಲ. ಇದರಲ್ಲಿ ಯಾರಿಗೂ ನಷ್ಟವಿಲ್ಲ. ನನ್ನ ಮರ್ಯಾದೆ ಉಳಿಯುತ್ತದೆ, ಕೂಸು ಮನೆಗೆ ಬರುತ್ತದೆ. ಸರಿ ಎಂದೆ.

ಜನವರಿ 8, ಗುರುವಾರ

ಹೆಗಲು ಪೂರ್ತಿ ಹಿಡಿದಿದೆ. ಕೈ ಮೇಲೇಳುವುದಿಲ್ಲ. ತುರುಬು ಇವರೇ ಕಟ್ಟಿದರು, ಅದು ಕಿವಿಯ ಹತ್ತಿರ ಬಂದು ಕೂತಿದೆ. ಹೆಚ್ಚು ಬರೆಯಲಾರೆ.

ಉಣ್ಣಲು ಕೂತರೆ ಮೊಸರಿನ ಬಟ್ಟಲು ಪಕ್ಕಕ್ಕೆ ಸರಿಸುತ್ತೇನೆ. ಸೊಸೆಯ ತಾಟು ನೆನಪಾಗುತ್ತದೆ.

ಜನವರಿ 9, ಶುಕ್ರವಾರ

ಫೋನು ಮಾಡಿ, ಡಾಕ್ಟರು ಹೇಳಿದ್ದಾಳಲ್ಲ, ಎಲ್ಲ ಉಣ್ಣು ಎಂದೆ. ಬೇಡ ಅತ್ತಿ, ನನ್ನ ಹಾಲಿನಿಂದಲೇ ಆಗಿದ್ದರೆ ಏನು ಮಾಡುವುದು, ಹದಿನೈದು ದಿನ ಇನ್ನೂ ನೋಡುತ್ತೇನೆ ಎಂದಳು. ಧ್ವನಿ ಕೂಡ ತೆಳ್ಳಗಾಗಿದೆ ಆ ಹುಡುಗಿಯದು.

ನಾಳೆ ಹೋಗುತ್ತೇನೆ. ಇವರಿಗೆ ಹೇಳಿಲ್ಲ.

ಜನವರಿ 10, ಶನಿವಾರ

ಹೇಳಿ ಬಂದೆ.

ಮನೆಯ ಮೆಟ್ಟಿಲು ಹತ್ತುವವರೆಗೂ ಹೇಗೆ ಶುರುಮಾಡಬೇಕೆಂದು ಮಾತು ಜೋಡಿಸುತ್ತಿದ್ದೆ. ಒಳಗೆ ಹೋದರೆ ಅವಳು ಊಟಕ್ಕೆ ಕೂತಿದ್ದಳು, ಅದೇ ರೊಟ್ಟಿ, ಅದೇ ಕಟ್ಟಿನ ನೀರು. ಜೋಡಿಸಿದ್ದೆಲ್ಲ ಬಿದ್ದುಹೋಯಿತು.

"ಪೂನಮ್, ನಿನ್ನ ಹಾಲಿಂದ ಅಲ್ಲವ್ವಾ, ನೀರಿಂದೂ ಅಲ್ಲ. ನನ್ನ ಹೆಗಲಿಂದ. ನಾ ಹಚ್ಚಿಕೊಳ್ಳೂ ಎಣ್ಣಿ ಕೂಸಿನ ಕೆನ್ನಿ ಸುಟ್ಟೈತಿ. ಒಂದು ವಾರ ಆತು ನನಗ ಗೊತ್ತಾಗಿ. ಮೊದಲ ಮೊಸರು ಹಾಕ್ಕೊಂಡು ಉಣ್ಣು."

ಪೂನಮ್ ತಾಟು ನೋಡುತ್ತ ಕೂತಳು. ಕಣ್ಣಿನಿಂದ ನೀರು ಇಳಿಯಿತು, ಒರೆಸಿಕೊಳ್ಳಲೂ ಇಲ್ಲ. ಎಷ್ಟು ರಾತ್ರಿ ತನ್ನ ಹಾಲಿಗೆ ತಾನೇ ಹೆದರಿಕೊಂಡು ಮಲಗಿದ್ದಳೋ ಏನೋ. ನನಗೂ ಅಳು ಬಂತು. ನಾನು ಅಳುವುದು ನನಗೇ ಸೇರುವುದಿಲ್ಲ, ಆದರೂ ಅತ್ತೆ.

ಅನುಜಾಬಾಯಿ ಮೊಸರಿನ ಗಡಿಗೆಯನ್ನೇ ತಂದು ಮಗಳ ಮುಂದೆ ಇಟ್ಟರು. ನನ್ನ ಕಡೆ ತಿರುಗಿ ಅಂದರು: "ಹಿಂಗಿದ್ದ ಮ್ಯಾಲ ಕೂಸು ಇಲ್ಲೇ ಇರಲಿ ಬಿಡ್ರಿ, ತಾರಾಬಾಯಿಯವರ." ಸಿಟ್ಟಿನಿಂದ ಹೇಳಲಿಲ್ಲ. ಅವರ ಜಾಗದಲ್ಲಿ ನಾನಿದ್ದರೆ ಇದಕ್ಕಿಂತ ಹೆಚ್ಚು ಹೇಳುತ್ತಿದ್ದೆ. ಇರಲಿ ಎಂದೆ.

ಹೊರಡುವಾಗ ಅತಿಶಯ ಎರಡೂ ಕೈ ಚಾಚಿದ. ಎತ್ತಿಕೊಳ್ಳಲಿಲ್ಲ. ಕಾಲು ಮಾತ್ರ ಹಿಡಿದು ನೋಡಿದೆ. ಚರ್ಮ ಮೆತ್ತಗಿದೆ, ಮಡಿಕೆಗಳಿಗೂ ಮುಲಾಮು ಹಚ್ಚಿದ್ದಾಳೆ.

ಜನವರಿ 11, ಭಾನುವಾರ

ಇವರಿಗೆ ಹೇಳಿದೆ. ನಾನು ಅಂದುಕೊಂಡಷ್ಟು ಬೈಯಲಿಲ್ಲ. ಹಾಗಾದರೆ ಫಿಲ್ಟರ್ ಬೇಡವಲ್ಲ ಎಂದು ಮಾತ್ರ ಕೇಳಿದರು.

ಜನವರಿ 14, ಬುಧವಾರ

ಸಂಕ್ರಾಂತಿ. ಎಳ್ಳುಬೆಲ್ಲ ಹಂಚಿದೆ. ಬಸವಣ್ಣೆವ್ವ ತನ್ನ ಮಗಳ ಕೂಸನ್ನು ನೋಡಬರಲು ಕರೆದಳು. ಅದರ ಬೆನ್ನಿನ ಮೇಲೂ ಒಣ ಒಣ ಚಕ್ಕೆ. ಹಿಟ್ಟು ಹಚ್ಚಿ ಉಜ್ಜಲೇ ಎಂದಳು. ಬೇಡ ಎಂದೆ. ಮೊದಲು ಕೂಸಿನ ತಾಯಿಯನ್ನು ಕೂರಿಸಿಕೊಂಡು ಅವಳು ಏನೇನು ಕಂಡಿದ್ದಾಳೆ ಎಂದು ಕೇಳಿದೆ. ಆ ಹುಡುಗಿ ಗಾಬರಿಯಾಗಿ, ಅತ್ತೆಯ ಮುಖ ನೋಡುವಂತೆ ನನ್ನ ಮುಖ ನೋಡಿದಳು. ಡಾಕ್ಟರಿಗೆ ತೋರಿಸು, ನಾನೂ ಜೊತೆಗೆ ಬರುತ್ತೇನೆ ಎಂದೆ. ಸಾಯಿರಾಳ ದವಾಖಾನೆ ಗೊತ್ತಿರುವುದು ನನಗೇ ಅಲ್ಲವೇ.

ಹೆಗಲಿಗೆ ಬಿಸಿನೀರಿನ ಚೀಲ ಇಟ್ಟುಕೊಳ್ಳಿ ಎಂದು ಪೂನಮ್ ಪ್ರತೀಕನ ಕೈಯಲ್ಲಿ ಒಂದು ಕಳಿಸಿದ್ದಾಳೆ. ನನ್ನ ಹೆಗಲಿನ ವಿಷಯ ಅವಳಿಗೆ ಯಾರು ಹೇಳಿದರೋ. ಇವರೇ ಇರಬೇಕು.

ಜನವರಿ 17, ಶನಿವಾರ

ಪೂನಮ್ ನಾಳೆ ಬರುತ್ತಾಳಂತೆ. ಬ್ಯಾಂಕಿಗೆ ಬೇಕಾದ ಬಟ್ಟೆ ಒಯ್ಯಲು ಇರಬೇಕು. ಅವಳ ಕಪಾಟು ಒರೆಸಿಟ್ಟೆ. ಸೆಂಟಿನ ಬಾಟಲಿಯನ್ನು ಮೊದಲಿದ್ದಲ್ಲಿಯೇ ಇಟ್ಟೆ.

ಜನವರಿ 19, ಸೋಮವಾರ

ಮಧ್ಯಾಹ್ನ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿವೆ. ಬಲಗೈ ಖಾಲಿಯಿಲ್ಲ.

ನಿನ್ನೆ ಸಂಜೆ ಪೂನಮ್, ಕೂಸು ಇಬ್ಬರೂ ಬಂದರು, ತೊಟ್ಟಿಲಿನ ಬಟ್ಟೆ ಸಮೇತ. ಬಟ್ಟೆ ಒಯ್ಯಲು ಬಂದವಳು ಇಷ್ಟು ಬಟ್ಟೆ ತಂದದ್ದು ಯಾಕೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಬೆಳಿಗ್ಗೆ ಬಚ್ಚಲಿನಲ್ಲಿ ಕೂಸನ್ನು ನನ್ನ ಕಾಲ ಮೇಲೆ ಮಲಗಿಸಿದಳು. ನೀರಿನ ಹದ ನಾನು ನೋಡಿದೆ, ಆಮೇಲೆ ಅವಳು ನೋಡಿದಳು. ನಾನು ಎರೆದೆ, ಅವಳು ಒತ್ತಿ ಒರೆಸಿ ಮುಲಾಮು ಹಚ್ಚಿದಳು. ಅವನು ನಮ್ಮಿಬ್ಬರನ್ನೂ ನೋಡಿ ಏನೇನೋ ಮಾತಾಡಿದ.

ಬ್ಯಾಂಕಿಗೆ ಹೊರಡುವ ಹೊತ್ತಿಗೆ ಕೂಸನ್ನು ಎತ್ತಿ ತಂದು ನನ್ನ ಬಲ ಹೆಗಲಿಗೆ ಹಾಕಿದಳು. ನಾನು ಹಿಂದೆ ಸರಿದೆ. ನಿನ್ನ ತಾಯಿಗೆ ಇರಲಿ ಎಂದು ಹೇಳಿ ಬಂದಿದ್ದೇನಲ್ಲ, ಅಲ್ಲೇ ಇದ್ದರೆ ನಿನಗೆ ನಿಶ್ಚಿಂತೆ ಎಂದೆ. ಪೂನಮ್ ಕುಂಚಿಗೆಯ ಗಂಟು ಸರಿಮಾಡುತ್ತ ಅಂದಳು:

"ಅವ್ವನ ಮುಂದ ಹೇಳೇ ಬಂದೀನ್ರಿ, ಅತ್ತಿ. ಕೂಸಿಗೆ ಏನಾರ ಆದ್ರ ನಾಳೆ ಯಾರ ನನಗ ಖರೇ ಹೇಳ್ತಾರ, ಅಂಥವರ ಹತ್ತಿರ ಬಿಡ್ತೀನಿ ಅಂತ."

ಚೀಲ ತೆಗೆದುಕೊಂಡು ಹೋದಳು. ಹಿಂತಿರುಗಿ ಕೂಡ ನೋಡಲಿಲ್ಲ.

ಹೆಗಲು ಬಹಳ ನೋಯುತ್ತಿದೆ. ಅತಿಶಯ ಮಲಗಿದ್ದಾನೆ, ಇಳಿಸುವುದಿಲ್ಲ.